ಟಾಪು ತೆಗೆದರೆ ಕಾರಿನ ತೂಕ ಏಕೆ ಏರುತ್ತದೆ?

ಕಾರಿನ ಟಾಪನ್ನು ಕತ್ತರಿಸಿ ತೆಗೆದರೆ ಕಾರು ಹಗುರಾಗಬೇಕು ತಾನೆ? ಮೇಲಿನ ತಗಡು ಹೋಯಿತು, ಹಿಂದಿನ ದೊಡ್ಡ ಗಾಜು ಹೋಯಿತು, ಒಳಗಿನ ಲೈನಿಂಗೂ ಹೋಯಿತು. ಆ ಜಾಗಕ್ಕೆ ಬಂದದ್ದು ಮಡಚಿಡಬಹುದಾದ ಒಂದಿಷ್ಟು ಬಟ್ಟೆ, ನಾಲ್ಕಾರು ಕಂಬಿ. ಆದರೆ ಲೆಕ್ಕ ಹಾಗೆ ನಡೆಯುವುದಿಲ್ಲ. ಜಾಗ್ವಾರ್ ಕಂಪನಿ 1975ರಲ್ಲಿ ಎಕ್ಸ್‌ಜೆ-ಎಸ್ ಎಂಬ ಮುಚ್ಚಿದ ಕಾರನ್ನು ಹೊರತಂದಿತು. ಹನ್ನೆರಡು ಸಿಲಿಂಡರಿನ, 5.3 ಲೀಟರಿನ ಎಂಜಿನ್ ಹೊತ್ತು ದಿನವಿಡೀ ದಣಿವಿಲ್ಲದೆ ಓಡುವ ಕಾರು ಅದು. ಅದರ ಪೂರ್ತಿ ತೆರೆದ ರೂಪ ಬಂದದ್ದು 1988ರಲ್ಲಿ. ಟಾಪು ಕಳೆದುಕೊಂಡ ಆ ಕಾರು ಟಾಪು ಇದ್ದ ಅಣ್ಣನಿಗಿಂತ ಸುಮಾರು ಒಂದು ಕ್ವಿಂಟಾಲ್ ಹೆಚ್ಚು ತೂಗಿತು.

ತೆಗೆದದ್ದಕ್ಕಿಂತ ಹೆಚ್ಚನ್ನು ಒಳಗೆ ಸೇರಿಸಬೇಕಾಯಿತು ಎಂದಾಯಿತು. ಏನನ್ನು ಸೇರಿಸಿದರು, ಏಕೆ ಸೇರಿಸಿದರು ಎನ್ನುವುದೇ ಈ ಅಧ್ಯಾಯದ ವಿಷಯ. ಹಳೆಯ ದೊಡ್ಡ ಕಾರನ್ನು ಕೊಟ್ಟು ಪುಟ್ಟದೊಂದು ತೆರೆದ ಸ್ಪೋರ್ಟ್ಸ್ ಕಾರು ಮನೆಗೆ ತರಬೇಕೆಂಬ ಆಸೆ ಇರುವವರು ಇದನ್ನು ತಿಳಿದಿದ್ದರೆ ಒಳ್ಳೆಯದು. ಇರುವ ಕಾರಿನ ಟಾಪನ್ನೇ ಕುಯ್ದುಬಿಡೋಣ ಎಂದುಕೊಂಡವರಂತೂ ತಿಳಿಯಲೇಬೇಕು.

ಹ್ಯಾಂಡ್‌ಪೋಸ್ಟಿನಿಂದ ಮುಂದಿನ ದಾರಿ

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಹಾದು ಬರುವ 948ನೇ ರಾಷ್ಟ್ರೀಯ ಹೆದ್ದಾರಿ ಕಾವೇರಿಯನ್ನು ದಾಟಿ ಸತ್ತೇಗಾಲ ಹ್ಯಾಂಡ್‌ಪೋಸ್ಟ್ ಮುಟ್ಟುತ್ತದೆ. ಅಲ್ಲಿಂದ ಕೊಳ್ಳೇಗಾಲ. ಕೊಳ್ಳೇಗಾಲದಲ್ಲಿ ಒಂದು ದಾರಿ ಹನೂರಿನ ಮೂಲಕ ಮಲೆ ಮಹದೇಶ್ವರ ಬೆಟ್ಟದ ತಿರುವುಗಳಿಗೆ ಏರುತ್ತದೆ. ಹೆದ್ದಾರಿ ಮಾತ್ರ ಯಳಂದೂರು, ಚಾಮರಾಜನಗರ ದಾಟಿ, ತಮಿಳುನಾಡಿನ ದಿಂಬಂ ಘಾಟಿಯ 27 ಹಿಮ್ಮುರಿ ತಿರುವುಗಳನ್ನು ಇಳಿದು ಕೊಯಮತ್ತೂರಿನ ಕಡೆ ಹೋಗುತ್ತದೆ. ಒಂದೇ ದಿನದಲ್ಲಿ ನೇರ ರಸ್ತೆ, ಊರೊಳಗಿನ ಹಂಪು, ಕಬ್ಬಿನ ಟ್ರ್ಯಾಕ್ಟರು ಕೊರೆದ ಗಾಲಿಜಾಡು, ಬೆಟ್ಟದ ತಿರುವು ಎಲ್ಲವೂ ಸಿಗುವ ದಾರಿ ಇದು. ಎರಡು ಬಗೆಯ ಕಾರುಗಳ ಗುಣವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ಈ ಭಾಗದಲ್ಲಿ ನನಗೆ ತೋರುವುದಿಲ್ಲ.

ಆ ಜಾಗ್ವಾರನ್ನೇ ಹ್ಯಾಂಡ್‌ಪೋಸ್ಟಿನಲ್ಲಿ ನಿಲ್ಲಿಸಿದ್ದೇವೆ ಎಂದುಕೊಳ್ಳೋಣ. ಯುರೋಪಿನವರು ಇಂಥ ಕಾರನ್ನು ಗ್ರ್ಯಾಂಡ್ ಟೂರರ್ ಎನ್ನುತ್ತಾರೆ, ಚುಟುಕಾಗಿ ಜಿಟಿ. ನಾವು ದೂರಯಾನಿ ಎನ್ನೋಣ. ಮುಂದೆ ಇಬ್ಬರು ಹಾಯಾಗಿ, ಹಿಂದೆ ಇಬ್ಬರು ಮುದುರಿ ಕೂರಬಹುದು. ಹಿಂಬದಿಯಲ್ಲಿ ವಾರದ ಬಟ್ಟೆಬರೆ ಹಿಡಿಸುತ್ತದೆ. ತೂಕ 1,700 ಕಿಲೋಗೂ ಮೇಲೆ. ಅದರ ಪಕ್ಕಕ್ಕೆ ಮಜ್ದಾ ಎಂಎಕ್ಸ್-5. ಸ್ವರಾಜ್ ಮಜ್ದಾ ಮಿನಿಬಸ್ಸುಗಳಿಂದ ನಮ್ಮೂರುಗಳಿಗೆ ಪರಿಚಯವಾದ ಆ ಜಪಾನಿ ಹೆಸರೇ 1989ರಲ್ಲಿ ಈ ಪುಟ್ಟ ಕಾರನ್ನು ಜಗತ್ತಿಗೆ ತೋರಿಸಿತು. ಎರಡೇ ಸೀಟು, ಬಟ್ಟೆಯ ಟಾಪು, 1.6 ಲೀಟರಿನ ಎಂಜಿನ್, ತೂಕ ಒಂದು ಟನ್ನಿಗಿಂತ ಕಡಿಮೆ.

ನೇರ ರಸ್ತೆಯಲ್ಲಿ ಜಾಗ್ವಾರನ್ನು ಹಿಡಿಯುವ ಮಾತೇ ಇಲ್ಲ. ಹನೂರು ದಾಟಿ ಬೆಟ್ಟ ಶುರುವಾದ ಮೇಲೆ ಕತೆ ಬೇರೆಯಾಗುತ್ತದೆ. ಅದೇ ವೇಗದಿಂದ ನಿಲ್ಲಿಸಬೇಕೆಂದರೆ, ಭಾರ ಇಮ್ಮಡಿಯಾದಷ್ಟೂ ಬ್ರೇಕು ನುಂಗಬೇಕಾದ ಶಾಖವೂ ಇಮ್ಮಡಿಯಾಗುತ್ತದೆ. ಇಳಿಜಾರಿನಲ್ಲಿ ತಿರುವಿನ ಮೇಲೆ ತಿರುವು ಬಂದಾಗ ಆ ಶಾಖ ಆರಲು ಬಿಡುವೇ ಸಿಗುವುದಿಲ್ಲ. ಮೂತಿಯಲ್ಲಿ ಭಾರದ ಎಂಜಿನ್ ಇರುವ ಉದ್ದನೆಯ ಕಾರನ್ನು ಎಡಕ್ಕೆ ತಿರುಗಿಸಿ ಕೂಡಲೇ ಬಲಕ್ಕೆ ತರುವುದೂ ನಿಧಾನ. ಪುಟ್ಟ ಕಾರು ಇಲ್ಲಿ ಗೆಲ್ಲುವುದಕ್ಕೆ ಇಷ್ಟು ಕಾರಣ ಸಾಕು, ಇದನ್ನು ಹೆಚ್ಚು ಬೆಳೆಸುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಪ್ರಶ್ನೆ. ಟಾಪಿಲ್ಲದ ಆ ಪುಟ್ಟ ಕಾರು ಈ ರಸ್ತೆಯಲ್ಲಿ ತನ್ನ ಆಕಾರವನ್ನು ಹೇಗೆ ಉಳಿಸಿಕೊಳ್ಳುತ್ತದೆ?

ಹಂಪು ಮತ್ತು ಓರೆ ನಡೆ

ತಳ ಕೆಳಗಿರುವ ಕಾರುಗಳು ಊರ ಮುಂದಿನ ಹಂಪನ್ನು ಹೇಗೆ ದಾಟುತ್ತವೆ ಎಂದು ಗಮನಿಸಿದ್ದೀರಾ? ಹೊಟ್ಟೆ ತಾಗಬಾರದೆಂದು ಡ್ರೈವರು ಓರೆಯಾಗಿ ಹತ್ತಿಸುತ್ತಾನೆ. ಮುಂದಿನ ಬಲಚಕ್ರ ಮೊದಲು ಏರುತ್ತದೆ, ಉಳಿದ ಮೂರು ಇನ್ನೂ ಕೆಳಗಿರುತ್ತವೆ. ಆ ಗಳಿಗೆಯಲ್ಲಿ ಕಾರಿನ ಮುಂಭಾಗ ಒಂದು ಕಡೆ ವಾಲಲು, ಹಿಂಭಾಗ ಇದ್ದಂತೆಯೇ ಇರಲು ಹವಣಿಸುತ್ತವೆ. ಒದ್ದೆ ಬಟ್ಟೆ ಹಿಂಡುವಾಗ ನಮ್ಮ ಎರಡು ಕೈ ಮಾಡುವ ಕೆಲಸವೇ ಕಾರಿನ ಎರಡು ತುದಿಗೆ ಆಗುತ್ತದೆ, ಅಂದರೆ ತಿರುಚುವಿಕೆ.

ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಇರುವುದು ಈ ಏರಿಳಿತವನ್ನು ನುಂಗುವುದಕ್ಕೆ. ಆದರೆ ಅವು ತಮ್ಮ ಕೆಲಸ ಮಾಡಬೇಕಾದರೆ ಅವನ್ನು ಕೂರಿಸಿದ ಒಡಲು ಗಟ್ಟಿಯಾಗಿ ನಿಂತಿರಬೇಕು. ಒಡಲೇ ತಿರುಚಿಕೊಂಡರೆ ಅದೂ ಒಂದು ಸ್ಪ್ರಿಂಗಾಗುತ್ತದೆ. ಅದನ್ನು ಅಡಗಿಸಲು ಶಾಕ್ ಅಬ್ಸಾರ್ಬರ್ ಇರುವುದಿಲ್ಲವಾದ್ದರಿಂದ ಒಮ್ಮೆ ಅದುರಿದರೆ ಅದುರುತ್ತಲೇ ಇರುತ್ತದೆ. ಮುಂದಿನ ಗಾಜಿನ ಚೌಕಟ್ಟು ನಡುಗುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಮಸುಕಾಗುತ್ತದೆ, ಬಾಗಿಲು ತನ್ನ ಚೌಕಟ್ಟಿಗೆ ಉಜ್ಜಿ ಕಿರುಗುಟ್ಟುತ್ತದೆ. ಹಳೆಯ ತೆರೆದ ಕಾರು ಓಡಿಸಿದವರಿಗೆಲ್ಲ ಈ ನಡುಕ ಗೊತ್ತು.

ತಿರುಚಿಗೆ ಬಗ್ಗದೆ ನಿಲ್ಲುವ ಈ ಶಕ್ತಿಯನ್ನು ತಿರುಚುಬಿಗಿತ ಎಂದು ಕರೆಯೋಣ. ಟಾಪಿಗೂ ತಿರುಚುಬಿಗಿತಕ್ಕೂ ಇರುವ ನಂಟನ್ನು ಮನೆಯಲ್ಲೇ ನೋಡಬಹುದು. ಬೇಕಾದದ್ದು ಒಂದು ಪೈಪು, ಒಂದು ಗರಗಸದ ಬ್ಲೇಡು.

ಸೀಳಿದ ಪೈಪು

ತೋಟದಲ್ಲಿ ಉಳಿದ ಪಿವಿಸಿ ಪೈಪಿನ ತುಂಡು, ಮೊಳದುದ್ದದ್ದು, ತೆಗೆದುಕೊಳ್ಳಿ. ಎರಡೂ ತುದಿ ಹಿಡಿದು ತಿರುಚಿ ನೋಡಿ. ಜಗ್ಗುವುದಿಲ್ಲ. ಈಗ ಅದರ ಉದ್ದಕ್ಕೂ ಒಂದೇ ಒಂದು ಸೀಳು ಹಾಕಿ. ತೂಕದಲ್ಲಿ ಹೋದದ್ದು ಒಂದು ಚಿಟಿಕೆ ಪುಡಿ ಅಷ್ಟೆ. ಮತ್ತೆ ತಿರುಚಿ. ಈ ಸಲ ಸಲೀಸಾಗಿ ತಿರುಗುತ್ತದೆ.

ತಿರುಚುವಾಗ ಸೀಳಿನ ಎರಡು ಅಂಚುಗಳನ್ನೇ ನೋಡುತ್ತಿರಿ. ಒಂದು ಅಂಚು ನಿಮ್ಮ ಕಡೆಗೂ ಇನ್ನೊಂದು ಆಚೆಗೂ ಜಾರುತ್ತದೆ. ಇಡೀ ಗುಟ್ಟು ಆ ಜಾರುವಿಕೆಯಲ್ಲಿದೆ. ಪೈಪಿನ ಗೋಡೆ ಉದ್ದುದ್ದ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ ಆದದ್ದು ಎಂದು ಭಾವಿಸಿ. ತಿರುಚಿದಾಗ ಪ್ರತಿ ಪಟ್ಟಿಯೂ ಪಕ್ಕದ ಪಟ್ಟಿಯನ್ನು ದಾಟಿ ಜಾರಲು ನೋಡುತ್ತದೆ, ಪಕ್ಕದ್ದು ಬಿಡುವುದಿಲ್ಲ. ಆ ಪಕ್ಕದ್ದನ್ನು ಅದರ ಪಕ್ಕದ್ದು ಹಿಡಿದಿದೆ. ಹೀಗೆ ಸುತ್ತು ಬಂದು ಕೊನೆಯ ಪಟ್ಟಿ ಮೊದಲ ಪಟ್ಟಿಯನ್ನು ಹಿಡಿಯುತ್ತದೆ. ಈ ಬಳಗದಲ್ಲಿ ತುದಿ ಎಂಬುದಿಲ್ಲ, ಕೈ ಬಿಟ್ಟವರು ಯಾರೂ ಇಲ್ಲ. ಸೀಳು ಹಾಕಿದಾಗ ನಾವು ಕಳೆದದ್ದು ವಸ್ತುವನ್ನಲ್ಲ, ಆ ಒಂದು ಹಿಡಿತವನ್ನು. ಅದೊಂದು ಹೋದರೆ ಸುತ್ತು ಮುರಿಯುತ್ತದೆ.

ಸುತ್ತು ಪೂರ್ತಿಯಾಗಿದ್ದಾಗ ಪೈಪಿನ ಈ ಬದಿಯ ಗೋಡೆಯೂ ಆ ಬದಿಯ ಗೋಡೆಯೂ ಒಟ್ಟಾಗಿ, ಪೈಪಿನ ಅಗಲದಷ್ಟು ದೂರದಲ್ಲಿ ನಿಂತು ತಿರುಚನ್ನು ತಡೆಯುತ್ತವೆ. ದೂರ ಹೆಚ್ಚಿದಷ್ಟೂ ಸನ್ನೆಯ ಬಲ ಹೆಚ್ಚು. ಸೀಳಿದ ಮೇಲೆ ಎದುರುಬದುರು ಗೋಡೆಗಳ ಆ ಜೊತೆಗಾರಿಕೆ ಇಲ್ಲ. ಗೋಡೆಯ ಒಳಮೈಯೂ ಹೊರಮೈಯೂ ತಮ್ಮ ನಡುವಿನ ತೆಳ್ಳನೆಯ ದಪ್ಪದಲ್ಲೇ ಎಳೆದಾಡಬೇಕು. ಅಗಲದ ಸನ್ನೆ ಹೋಗಿ ದಪ್ಪದ ಸನ್ನೆ ಉಳಿಯಿತು. ಪೈಪಿನ ಅರ್ಧ ಅಗಲ ಅದರ ಗೋಡೆಯ ದಪ್ಪದ ಹತ್ತರಷ್ಟಿದ್ದರೆ, ಸೀಳುವ ಮೊದಲಿನ ತಿರುಚುಬಿಗಿತ ಸೀಳಿದ ನಂತರದ್ದಕ್ಕಿಂತ 300 ಪಟ್ಟು ಹೆಚ್ಚು. ಗೋಡೆ ತೆಳುವಾದಷ್ಟೂ ಈ ಅಂತರ ಬೆಳೆಯುತ್ತದೆ. ಕಾರಿನ ತಗಡು ಎಷ್ಟು ತೆಳು ಎಂಬುದನ್ನು ನೆನೆಯಿರಿ.

ಮುಚ್ಚಿದ ಕಾರನ್ನು ಆ ಪೈಪೆಂದೇ ತಿಳಿಯಬಹುದು. ನೆಲದ ತಗಡು, ಎರಡು ಪಕ್ಕ, ಮೇಲೆ ಟಾಪು, ಹೀಗೆ ಸುತ್ತು ಪೂರ್ತಿಯಾಗಿದೆ. ಬಾಗಿಲು, ಕಿಟಕಿಗಳ ತೂತು ಇದ್ದರೂ ಅವುಗಳ ಸುತ್ತಲಿನ ಕಂಬಗಳು ಹಿಡಿತವನ್ನು ಮೇಲಿನಿಂದ ಕೆಳಕ್ಕೆ ದಾಟಿಸುತ್ತವೆ. ಟಾಪು ತೆಗೆದದ್ದು ಪೈಪಿನ ಮೇಲ್ಬದಿಗೆ ಸೀಳು ಹಾಕಿದಂತೆ. ನೆಲ ಒಂದೇ ಉಳಿದುಕೊಂಡು ಚಪ್ಪಟೆ ಹಲಗೆಯ ಹಾಗೆ ತಿರುಚಿಕೊಳ್ಳತೊಡಗುತ್ತದೆ. ಜಾಗ್ವಾರ್‌ನ ಇಂಜಿನಿಯರರಿಗೆ ಇದು ಚೆನ್ನಾಗಿ ಗೊತ್ತಿತ್ತು. 1983ರಲ್ಲಿ ಅವರು ಮೊದಲು ತಂದ ಅರೆತೆರೆದ ಮಾದರಿಯಲ್ಲಿ ಬಾಗಿಲ ಮೇಲಿನ ಪಟ್ಟಿಗಳನ್ನೂ ನಡುವಿನ ಅಡ್ಡಕಮಾನನ್ನೂ ತೆಗೆಯದೆ ಉಳಿಸಿಕೊಂಡಿದ್ದರು. ಪೂರ್ತಿ ಬಿಚ್ಚಲು ಇನ್ನೂ ಐದು ವರ್ಷ ಬೇಕಾಯಿತು, ಅದರ ಬೆಲೆಯೇ ಆ ಒಂದು ಕ್ವಿಂಟಾಲ್ ಉಕ್ಕು.

ಜೀಪಿಗೆ ಇದೇಕೆ ತಟ್ಟುವುದಿಲ್ಲ?

ಈ ಸೀಮೆಯ ಓದುಗರು ಇಷ್ಟರಲ್ಲಿ ಕೇಳಿಯೇ ಬಿಡುತ್ತಾರೆ: ಟಾರ್ಪಾಲು ಹೊದ್ದ ಜೀಪುಗಳು ಕಾಡುದಾರಿಯಲ್ಲಿ ದಶಕಗಳ ಕಾಲ ಓಡಲಿಲ್ಲವೇ? ಒಳ್ಳೆಯ ಪ್ರಶ್ನೆ. ಜೀಪಿನ ಕಟ್ಟಡವೇ ಬೇರೆ. ಅದರ ಭಾರವನ್ನು ಹೊರುವುದು ಕೆಳಗಿರುವ ಚಾಸಿಸ್, ಉದ್ದಕ್ಕೆ ಎರಡು ದಪ್ಪ ಉಕ್ಕಿನ ತೊಲೆ, ನಡುನಡುವೆ ಅಡ್ಡಪಟ್ಟಿ. ಮೇಲಿನ ಒಡಲು ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ್ದು. ಟಾಪಿಗೆ ಭಾರ ಹೊರುವ ಕೆಲಸವನ್ನು ಯಾರೂ ಯಾವತ್ತೂ ಕೊಟ್ಟಿರಲಿಲ್ಲವಾದ್ದರಿಂದ ತೆಗೆದರೆ ನಷ್ಟವೂ ಇಲ್ಲ. ಜೀಪಿನ ಚಾಸಿಸ್ ತಿರುಚುವುದೇ ಇಲ್ಲ ಎಂದಲ್ಲ, ಸಾಕಷ್ಟು ತಿರುಚುತ್ತದೆ. ಆದರೆ ಆ ವಾಹನದಿಂದ ನಾವು ಬಯಸುವುದು ಹಳ್ಳ ಹತ್ತುವುದನ್ನು, ತಿರುವಿನಲ್ಲಿ ಗೆರೆ ಎಳೆದಂತೆ ಸಾಗುವುದನ್ನಲ್ಲ. ಬಾಗಿಲಿದ್ದರೂ ಅದು ಸಡಿಲ. ನಡುಗಿದರೆ ನಡುಗಲಿ ಎಂಬ ಧೋರಣೆ ಅದರ ವಿನ್ಯಾಸದಲ್ಲೇ ಇದೆ.

ಮಾರುತಿ 800, ಪ್ರೀಮಿಯರ್ ಪದ್ಮಿನಿ ಹಾಗಲ್ಲ. ಅವುಗಳಿಗೆ ಬೇರೆ ಚಾಸಿಸ್ ಇಲ್ಲ. ಮಡಿಸಿ ಬೆಸೆದ ತಗಡಿನ ಒಡಲೇ ಚೌಕಟ್ಟು. ಟಾಪಿನಿಂದ ಹಿಡಿದು ನೆಲದವರೆಗೆ ಎಲ್ಲ ತಗಡೂ ಕೂಲಿಯಾಳೇ.

ಈ ಎರಡರ ನಡುವೆ ನಮ್ಮ ರಸ್ತೆಗಳಲ್ಲಿ ಒಂದು ಚೆಲುವಾದ ಕಾರು ಓಡಾಡಿತ್ತು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಕಟ್ಟಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಅದು. 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್ ಇದರ ಮೂಲ, ಆಕಾರ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಉಳಿದ ಕಂಪನಿಗಳು ಒಡಲೇ ಚೌಕಟ್ಟಾದ ಕಾರಿನತ್ತ ತಿರುಗುತ್ತಿದ್ದ ಕಾಲದಲ್ಲಿ ಹೆರಾಲ್ಡ್ ಬೇರೆ ಚಾಸಿಸ್ಸನ್ನೇ ಇಟ್ಟುಕೊಂಡಿತು. ಅದರ ಟಾಪನ್ನು ಬೆಸೆದಿರಲಿಲ್ಲ, ಬೋಲ್ಟು ಹಾಕಿ ಕೂರಿಸಿದ್ದರು. ಹಾಗಾಗಿ ಇಂಗ್ಲೆಂಡಿನಲ್ಲಿ ಅದೇ ಚಾಸಿಸ್ಸಿನ ಮೇಲೆ ಮುಚ್ಚಿದ ಕಾರು, ತೆರೆದ ಕಾರು, ಸಾಮಾನು ಹೇರುವ ಕಾರು ಎಲ್ಲವನ್ನೂ ಸುಲಭವಾಗಿ ಕಟ್ಟಿದರು. 1962ರಲ್ಲಿ ಆ ಚಾಸಿಸ್ಸನ್ನೇ ಗಿಡ್ಡ ಮಾಡಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ತೆರೆದ ಕಾರನ್ನು, 1966ರಲ್ಲಿ ಅದಕ್ಕೇ ಗಟ್ಟಿ ಟಾಪು, ಆರು ಸಿಲಿಂಡರಿನ ಎಂಜಿನ್ ಇಟ್ಟು ಜಿಟಿ6 ಎಂಬ ಚಿಕ್ಕ ದೂರಯಾನಿಯನ್ನು ತಂದರು. ಒಂದೇ ಮೂಳೆಯಿಂದ ಎರಡು ಸ್ವಭಾವ! ಮದರಾಸಿನ ಹೆರಾಲ್ಡ್‌ಗೆ ಅಂಥ ತಮ್ಮಂದಿರು ಹುಟ್ಟಲಿಲ್ಲವೆಂಬುದು ನನಗೆ ಈಗಲೂ ಬೇಸರದ ಸಂಗತಿ.

ಹೋದ ಹಿಡಿತವನ್ನು ಎಲ್ಲಿ ತರುವುದು?

ಟಾಪು ಇಲ್ಲವೆಂದಾದರೆ ದೊಡ್ಡ ಸುತ್ತು ಮುರಿದಿದೆ. ಅದನ್ನು ಮತ್ತೆ ಜೋಡಿಸಲಾಗದು. ಇಂಜಿನಿಯರರಿಗೆ ಉಳಿದ ದಾರಿ ಒಂದೇ: ಚಿಕ್ಕ ಚಿಕ್ಕ ಪೂರ್ತಿ ಸುತ್ತುಗಳನ್ನು ಕೆಳಗೆ ಕಟ್ಟುವುದು. ಸೀಳಿದ ದೊಡ್ಡ ಪೈಪಿನೊಳಗೆ ಸೀಳದ ಸಣ್ಣ ಪೈಪುಗಳನ್ನು ಮಲಗಿಸಿದಂತೆ.

ಅಂಥ ಸಣ್ಣ ಪೈಪಿಗೆ ಮೊದಲ ಜಾಗ ಬಾಗಿಲ ಕೆಳಗಿನ ಹೊಸ್ತಿಲು. ತೆರೆದ ಕಾರಿನ ಹೊಸ್ತಿಲು ಅಗಲವಾಗಿ, ಎತ್ತರವಾಗಿ, ಒಳಗೆ ಪೊಳ್ಳಾಗಿ ಇರುತ್ತದೆ. ಹತ್ತಿ ಇಳಿಯುವಾಗ ಕಾಲು ಎತ್ತಿ ಹಾಕಬೇಕಾದ ಕಿರಿಕಿರಿಗೆ ಇದೇ ಕಾರಣ. ಎರಡನೆಯ ಜಾಗ ಎರಡು ಸೀಟುಗಳ ನಡುವಿನ ಉಬ್ಬು. ಬ್ರಿಟನ್ನಿನ ಲೋಟಸ್ ಕಂಪನಿ 1957ರಲ್ಲಿ ತೋರಿಸಿದ ಎಲೀಟ್ ಎಂಬ ಮುಚ್ಚಿದ ಕಾರಿನ ಒಡಲು ಇಡಿಯಾಗಿ ಫೈಬರ್‌ಗ್ಲಾಸು, ಚೌಕಟ್ಟೂ ಅದೇ. 1962ರಲ್ಲಿ ಎಲಾನ್ ಎಂಬ ತೆರೆದ ಕಾರು ಮಾಡುವಾಗ ಅದೇ ಉಪಾಯಕ್ಕೆ ನೆಚ್ಚಿಕೊಳ್ಳಲು ಟಾಪಿರಲಿಲ್ಲ. ಬದಲಿಗೆ ತೆಳು ಉಕ್ಕನ್ನು ಪೆಟ್ಟಿಗೆಯಂತೆ ಮಡಿಸಿ, ಎರಡೂ ತುದಿ ಕವೆಯಂತೆ ಬಿಚ್ಚಿಕೊಂಡ ಒಂದು ಬೆನ್ನೆಲುಬನ್ನು ಸೀಟುಗಳ ನಡುವೆ ಹಾಯಿಸಿದರು. ಎಂಜಿನ್ನು, ಚಕ್ರಗಳು ಎಲ್ಲವೂ ಆ ಬೆನ್ನೆಲುಬಿಗೆ ಅಂಟಿಕೊಂಡವು, ಮೇಲಿನ ಫೈಬರ್‌ಗ್ಲಾಸು ಮೈಹೊದಿಕೆಯಾಯಿತು. ಕಾರಿನ ಒಟ್ಟು ತೂಕ 700 ಕಿಲೋ ಆಸುಪಾಸು. ಮಜ್ದಾದವರು ಎಂಎಕ್ಸ್-5 ಕಟ್ಟುವಾಗ ಕಣ್ಣಮುಂದೆ ಇಟ್ಟುಕೊಂಡದ್ದು ಈ ಎಲಾನನ್ನೇ.

ನಮ್ಮಲ್ಲೂ ಒಂದು ಪ್ರಯತ್ನ ನಡೆಯಿತು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಡೀಸೆಲ್ ರೈಲು ಎಂಜಿನ್ ಕಟ್ಟುವ ಸ್ಯಾನ್ ಬಳಗವೇ ಸ್ಯಾನ್ ಮೋಟಾರ್ಸ್ ಹೆಸರಿನಲ್ಲಿ ಗೋವಾದಲ್ಲಿ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರನ್ನು 1990ರ ದಶಕದ ಕೊನೆಯಲ್ಲಿ ಹೊರತಂದಿತು. ಫೈಬರ್‌ಗ್ಲಾಸಿನ ಮೈ, ಫ್ರಾನ್ಸಿನ ರೆನೊ ಕಂಪನಿಯ 1,149 ಸಿಸಿ ಎಂಜಿನ್, 60 ಅಶ್ವಶಕ್ತಿ. ಮಾರುಕಟ್ಟೆ ಅದನ್ನು ಕೈಹಿಡಿಯಲಿಲ್ಲ. ರೈಲು ಎಂಜಿನ್ ಕಟ್ಟುವವರು ಪುಟ್ಟ ತೆರೆದ ಕಾರಿಗೆ ಕೈಹಾಕಿದ ಧೈರ್ಯ ಮಾತ್ರ ಮೆಚ್ಚುವಂಥದ್ದು. ಮೊದಲಿನಿಂದಲೂ ಟಾಪಿಲ್ಲದ ಕಾರೆಂದೇ ಯೋಚಿಸಿ ಕಟ್ಟಿದ್ದು ಅದು.

ಹುಟ್ಟಿನಿಂದಲೇ ತೆರೆದ ಕಾರು

ಎಂಜಿಬಿ ಎಂಬ ಬ್ರಿಟಿಷ್ ಕಾರು ಈ ಮಾತಿಗೆ ಒಳ್ಳೆಯ ಸಾಕ್ಷಿ. ಅದು 1962ರಲ್ಲಿ ತೆರೆದ ಕಾರಾಗಿ ಬಂತು, 1965ರಲ್ಲಿ ಗಟ್ಟಿ ಟಾಪು ಹೊತ್ತು ಎಂಜಿಬಿ ಜಿಟಿಯಾಯಿತು. ಇಲ್ಲಿ ಲೆಕ್ಕ ಜಾಗ್ವಾರಿಗೆ ತದ್ವಿರುದ್ಧ: ಟಾಪಿದ್ದ ಕಾರೇ ಹೆಚ್ಚು ತೂಗಿತು. ಕಾರಣ ಈಗ ನಿಮಗೇ ಹೊಳೆದಿರಬಹುದು. ಬೇಕಾದ ಬಲವನ್ನೆಲ್ಲ ಆ ಕಾರಿನ ದಪ್ಪ ಹೊಸ್ತಿಲುಗಳು ಮೊದಲೇ ಹೊತ್ತಿದ್ದವು. ಟಾಪು ನಂತರ ಬಂದ ಹೆಚ್ಚುವರಿ. ಅದು ಬಿಗಿತವನ್ನೂ ತಂದಿತು, ಭಾರವನ್ನೂ ತಂದಿತು. ಜಾಗ್ವಾರಿನಲ್ಲಿ ಟಾಪು ಮೊದಲಿನಿಂದಲೂ ಸುತ್ತಿನ ಪಾಲುದಾರ, ಅದು ಹೋದಾಗ ಉಳಿದವರು ಅದರ ಪಾಲನ್ನೂ ಹೊರಬೇಕಾಯಿತು.

ಇದರ ಇನ್ನೊಂದು ತುದಿ ನೋಡಬೇಕೆಂದರೆ ಈಚಿನ ಮ್ಯಾಕ್‌ಲಾರೆನ್ ಕಾರುಗಳಿವೆ. ಅವುಗಳ ನಡುಭಾಗ ಕಾರ್ಬನ್ ನಾರಿನ ತೊಟ್ಟಿ, ಬಿಗಿತವೆಲ್ಲ ಕೆಳಗೇ ಇದೆ. ಅವರ 12ಸಿ ಕಾರಿನ ಟಾಪು ಬಿಚ್ಚುವ ಮಾದರಿ ಮುಚ್ಚಿದ್ದಕ್ಕಿಂತ 40 ಕಿಲೋ ಮಾತ್ರ ಹೆಚ್ಚು ತೂಗಿತು. ಅದೂ ಟಾಪು ಮಡಚುವ ಯಂತ್ರದ ಭಾರ, ಒಡಲಿಗೆ ಹೊಸ ಆಸರೆ ಬೇಕಾಗಲಿಲ್ಲ.

ಹೀಗಾಗಿ ಪುಟ್ಟ ತೆರೆದ ಕಾರು ಹಗುರವಾಗಿರುವುದು ಟಾಪಿಲ್ಲದ್ದರಿಂದಲ್ಲ, ಪುಟ್ಟದಾಗಿರುವುದರಿಂದ. ಎರಡೇ ಸೀಟಿರುವುದರಿಂದ ಮುಂದಿನ ಹಿಂದಿನ ಚಕ್ರಗಳ ಅಂತರ ಕಡಿಮೆ, ತಿರುಚಬೇಕಾದ ಉದ್ದವೇ ಗಿಡ್ಡ. ಗಿಡ್ಡ ಪೈಪನ್ನು ತಿರುಚುವುದು ಉದ್ದ ಪೈಪನ್ನು ತಿರುಚುವುದಕ್ಕಿಂತ ಕಷ್ಟ. ಟಾಪಿಲ್ಲದ ನಷ್ಟವನ್ನು ತುಂಬಲು ಇದಕ್ಕೆ ಕಡಿಮೆ ಉಕ್ಕು ಸಾಕು.

ಕೊಳ್ಳುವವರಿಗೆ ಕಿವಿಮಾತು

ದೊಡ್ಡ ಕಾರು ಕೊಟ್ಟು ಹಳೆಯ ಪುಟ್ಟ ತೆರೆದ ಕಾರು ಕೊಳ್ಳುವವರು ಪೇಂಟು, ಎಂಜಿನ್ನುಗಳಿಗಿಂತ ಮೊದಲು ಹೊಸ್ತಿಲು ನೋಡಬೇಕು. ಕೆಸರು ಕಟ್ಟಿ ನೀರು ಹರಿಯುವ ತೂತು ಮುಚ್ಚಿಕೊಂಡರೆ ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಮೇಲೆ ಪುಟ್ಟಿ ಮೆತ್ತಿದರೆ ಕಣ್ಣಿಗೆ ಕಾಣುವುದಿಲ್ಲ. ಒಂದು ಅಯಸ್ಕಾಂತ ಹಿಡಿದು ನೋಡಿ, ಪುಟ್ಟಿಗೆ ಅಂಟುವುದಿಲ್ಲ. ಬಾಗಿಲ ಸುತ್ತಲಿನ ಸಂದಿಯನ್ನೂ ಗಮನಿಸಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಕುಸಿದಿದೆ. ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿಸಿ, ಬಾಗಿಲು ತೆಗೆದು ಹಾಕಿ. ಎತ್ತುವ ಮೊದಲು ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಹಿಡಿದುಕೊಂಡರೆ ತಿರುಚುಬಿಗಿತ ಹೋಗಿದೆ ಎಂದೇ ಅರ್ಥ. ಹೊಸ್ತಿಲು ಬದಲಿಸಬೇಕಾಗಿ ಬಂದರೆ ಟಿಂಕರಿಂಗ್ ಮಾಡುವವರಿಗೆ ಮೊದಲೇ ಹೇಳಿ: ಕಾರು ಸಮತಟ್ಟಾಗಿ ನಾಲ್ಕು ಚಕ್ರದ ಮೇಲೆ ನಿಂತಿರಬೇಕು, ಬಾಗಿಲ ಬಾಯಿಗೆ ಅಡ್ಡಕಂಬಿ ಬೆಸೆದ ನಂತರವೇ ಹಳೆಯದನ್ನು ಕತ್ತರಿಸಬೇಕು. ಇಲ್ಲದಿದ್ದರೆ ಕುಸಿದ ಆಕಾರಕ್ಕೇ ಹೊಸ ಉಕ್ಕು ಬೆಸೆದಂತಾಗುತ್ತದೆ.

ಮನೆಯಲ್ಲಿರುವ ಪದ್ಮಿನಿಯನ್ನೋ ಮಾರುತಿಯನ್ನೋ ಗ್ಯಾರೇಜಿಗೆ ಒಯ್ದು ಟಾಪು ಕುಯ್ಯಿಸುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಕಾನೂನು ಇಲ್ಲದಿದ್ದರೂ ನನ್ನ ಮಾತು ಇದೇ ಆಗಿರುತ್ತಿತ್ತು. ಟಾಪು ಕುಯ್ದ ಕಾರು ಮೊದಲ ಹಂಪಿನಲ್ಲೇ ಬಾಗಿಲು ಕಚ್ಚಿಕೊಳ್ಳುತ್ತದೆ, ಅಪಘಾತವಾದರೆ ಒಳಗಿದ್ದವರನ್ನು ಕಾಯಲು ಅದರಲ್ಲಿ ಶಕ್ತಿ ಉಳಿದಿರುವುದಿಲ್ಲ. ತೆರೆದ ಕಾರಿನ ಆಸೆ ಇದ್ದರೆ ಮುಚ್ಚಿದ್ದನ್ನು ಇದ್ದಂತೆಯೇ ಇನ್ನೊಬ್ಬರಿಗೆ ಕೊಟ್ಟು, ತೆರೆದ ಕಾರಾಗಿಯೇ ಹುಟ್ಟಿದ್ದನ್ನು ಹುಡುಕಿ ತನ್ನಿ.